ಪೆಟ್ಟಿಗೆಯ ಅಂಚಿನಾಚೆಯ ಮಡಿಲು

ಬಿಂಬವನ್ನು ಹಿಡಿಯುವ ಕನ್ನಡಿ ಡೊಂಕಾದರೆ ಅದು ಬಿಂಬದ ದೋಷವಲ್ಲವೆಂದು ನಮ್ಮ ಪೂರ್ವಸೂರಿಗಳು ಬಗೆಬಗೆಯಾಗಿ ಹೇಳಿಟ್ಟಿದ್ದಾರೆ. ಪ್ರಾಚೀನ ಶಿಲ್ಪಿಗಳು ಮುಖದ ಉದ್ದವನ್ನೇ ಮಾನವಾಗಿ ಹಿಡಿದು ಮೂರ್ತಿಯ ಸರ್ವಾಂಗಗಳನ್ನೂ ಅಳೆಯುತ್ತಿದ್ದರು. ಆ ಮಾನದಲ್ಲಿ ಒಂದು ಜವೆಕಾಳಿನಷ್ಟು ಹೆಚ್ಚುಕಡಿಮೆಯಾದರೂ ಅಂಥ ಮೂರ್ತಿಯಲ್ಲಿ ದೇವರು ನೆಲೆಸಲಾರನೆಂಬುದು ಅವರ ಶ್ರದ್ಧೆ. ದೇವರಲ್ಲದ ಇನ್ನೇನೋ ಬಂದು ನೆಲೆಸೀತೆಂಬುದು ಅವರ ಭಯ. ಆ ಶ್ರದ್ಧೆ ಮತ್ತು ಆ ಭಯ ಎರಡನ್ನೂ ಕಂಪ್ಯೂಟರಿನ ಪರದೆಗೆ ತಂದವರು ನಮ್ಮ ಅಳತೆಯಮ್ಮನವರು. ಪರದೆಯ ಮೇಲಿನ ಫಾರ್ಮಿನಲ್ಲಿ ಹೆಸರು, ಹುಟ್ಟಿದ ದಿನ, ವಿಳಾಸ ಎಂಬ ಖಾಲಿ ಜಾಗಗಳ ಪಕ್ಕದಲ್ಲಿ ಒಂದು ಚಿಕ್ಕ ಚೌಕವಿರುತ್ತದಲ್ಲ, ಮುಖ ಕಾಣುವುದು ಅದರೊಳಗೆ. ಕಸುಬಿನವರು ಅದನ್ನು ಚಿತ್ರಪೆಟ್ಟಿಗೆ ಎನ್ನುತ್ತಾರೆ. ಅಂಗೈಯಗಲದ ಆ ಪೆಟ್ಟಿಗೆಯಲ್ಲಿ ಮನುಷ್ಯನ ಮುಖವನ್ನು ಹೇಗೆ ಕೂರಿಸಬೇಕು, ಎಷ್ಟು ಕೂರಿಸಬೇಕು ಎಂಬ ಒಂದೇ ಚಿಂತೆಯಲ್ಲಿ ಮೂವತ್ತನಾಲ್ಕು ವರ್ಷಗಳನ್ನು ಸವೆಸಿ ಅವರು ಈಗ ನಿವೃತ್ತರಾಗುತ್ತಿದ್ದಾರೆ. ಅದೇ ಕಚೇರಿಯಲ್ಲಿ ಹಳೆಯ ಕೈಬರಹಗಳನ್ನು ಓದಿ ಹೇಳುವ ಕೆಲಸದಲ್ಲಿದ್ದ ಈ ಬರಹಗಾರನಿಗೆ ಈ ಅಭಿನಂದನ ಸಂಪುಟಕ್ಕೆ ಅವರ ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ ದೊರೆತದ್ದು ಭಗವಂತನ ಕೃಪೆ.

ಅವರಿಗೆ ಆ ಅಡ್ಡಹೆಸರು ಬಂದದ್ದು ಕೈಚೀಲದಲ್ಲಿ ಸದಾ ಇರುತ್ತಿದ್ದ ಒಂದು ಉಕ್ಕಿನ ಅಳತೆಪಟ್ಟಿಯಿಂದ. ಬೇರೆಯವರು ಪರದೆಯನ್ನು ಕಣ್ಣಿನಿಂದ ನೋಡಿದರೆ ಅವರು ಗಾಜಿಗೆ ಪಟ್ಟಿಯಿಟ್ಟು ನೋಡುವರು. ಗಡಿಯಾರ ರಿಪೇರಿಯ ಕಸುಬಿನ ಅವರ ಯಜಮಾನರು, “ನಮ್ಮನೆಯವಳು ಗೋಡೆ ಮೇಲಿನ ಫೋಟೋ ನೇರ ಮಾಡದೆ ತಟ್ಟೆ ಮುಂದೆ ಕೂರಲ್ಲ, ಅಷ್ಟರಲ್ಲಿ ಸಾರು ತಣ್ಣಗಾಗಿರುತ್ತೆ” ಎಂದು ಬಂದವರೆದುರು ಛೇಡಿಸುವುದುಂಟು.

ಸೇವೆಯ ಮೊದಲ ಒಂಬತ್ತು ವರ್ಷ ಅವರು ವಾಹನ ಚಾಲಕರಿಗೆ ಗುರುತಿನ ಚೀಟಿ ಕೊಡುವ ಕಚೇರಿಯಲ್ಲಿದ್ದರು. ಅಲ್ಲಿನ ಫಾರ್ಮಿನಲ್ಲಿ ಚಿತ್ರಪೆಟ್ಟಿಗೆಗೆ ಸ್ಟ್ರೆಚ್ ಎಂಬ ಕ್ರಮವನ್ನು ಇಟ್ಟಿದ್ದರು. ಆ ಕ್ರಮದಲ್ಲಿ ಫೋಟೋ ಯಾವ ಆಕಾರದ್ದಾಗಿದ್ದರೂ ಪೆಟ್ಟಿಗೆಯ ನಾಲ್ಕು ಅಂಚಿಗೂ ಎಳೆದು ಅಂಟಿಸಿದಂತೆ ಕೂರುತ್ತದೆ. ಪೆಟ್ಟಿಗೆ ಅಗಲವಾಗಿದ್ದುದರಿಂದ ಊರಿನ ಚಾಲಕರೆಲ್ಲ ಕೆನ್ನೆ ಉಬ್ಬಿ ಒಂದೇ ಮನೆಯವರಂತೆ ಕಾಣುತ್ತಿದ್ದರು, ಯಾರೂ ದೂರಲಿಲ್ಲ. ಒಂದು ದಿನ ಉದ್ದಮುಖದ ತೆಳ್ಳನೆಯ ಹಿರಿಯರೊಬ್ಬರು ತಮ್ಮ ಚೀಟಿಯನ್ನು ಕೈಗೆ ತೆಗೆದುಕೊಂಡವರು ಕಿಟಕಿಯ ಬಳಿಯಿಂದ ಅಲುಗಲೇ ಇಲ್ಲ.

“ಇದು ನಾನಲ್ಲಮ್ಮ. ನಮ್ಮಣ್ಣ.”

“ಅಣ್ಣನವರ ಫೋಟೋ ಕೊಟ್ಟುಬಿಟ್ರಾ ಹಾಗಾದ್ರೆ?”

“ಎಲ್ಲಿಂದ ಕೊಡ್ಲಿ? ಅವನು ಹೋಗಿ ಹನ್ನೆರಡು ವರ್ಷ ಆಯ್ತಲ್ಲ.”

ಅಳತೆಯಮ್ಮನವರು ಅಂದೇ ಲೆಕ್ಕ ಹಾಕಿ, ಉದ್ದ ಅಗಲಗಳ ಅನುಪಾತವನ್ನು ಸರಿಪಡಿಸಿ, ವಾರದೊಳಗೆ ಹೊಸ ಚೀಟಿ ಮಾಡಿಸಿಕೊಟ್ಟರು. ಹಿರಿಯರು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಮಗು ಕೇಳುವಂತೆ ಕೇಳಿದರಂತೆ: “ಅವನನ್ನ ಎಲ್ಲಿಗೆ ಕಳಿಸಿಬಿಟ್ರಿ?” ತಮ್ಮ ಕೈಕೆಳಗಿನ ಯಾವ ಪೆಟ್ಟಿಗೆಯಲ್ಲೂ ಇನ್ನು ಮುಂದೆ ಮುಖವನ್ನು ಎಳೆಯಲಾರೆನೆಂದು ಅವರು ಅಂದೇ ಸಂಕಲ್ಪ ಮಾಡಿದರು. ಮುಂದಿನ ಹನ್ನೊಂದು ವರ್ಷ ಕಾರ್ಖಾನೆಯ ಹಾಜರಿ, ಗ್ರಂಥಾಲಯದ ಸದಸ್ಯತ್ವ ಎಂದು ಹಲವು ಫಾರ್ಮುಗಳನ್ನು ಕಟ್ಟಿದರು. ಕಸುಬು ಕಲಿಯಲು ಬಂದ ಕಿರಿಯರಿಗೆ ಅವರು ಹೇಳಿಕೊಟ್ಟ ಮೊದಲ ಪಾಠವೂ ಅದೇ: ಪೆಟ್ಟಿಗೆ ಖಾಲಿ ಉಳಿದರೂ ಚಿಂತೆಯಿಲ್ಲ, ಮುಖ ಸುಳ್ಳಾಗಬಾರದು.

ಹದಿನಾಲ್ಕು ವರ್ಷದ ಹಿಂದೆ ಅವರು ನಮ್ಮ ದಾಖಲೆ ಕಚೇರಿಗೆ ಬಂದರು. ಕಚೇರಿ ಇರುವುದು ಒಂದು ಕಾಲದಲ್ಲಿ ಬಿಟ್ಟುಹೋದ ಹಸುಗೂಸುಗಳನ್ನು ಸಾಕುತ್ತಿದ್ದ ಶಿಶುಗೃಹದ ಕಟ್ಟಡದಲ್ಲಿ. ಉದ್ದನೆಯ ಹಜಾರ, ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಒಂದರಿಂದ ನಲವತ್ತರವರೆಗೆ ತೊಟ್ಟಿಲುಗಳ ಅಂಕಿಗಳು. ಮೂರು ಸಲ ಸುಣ್ಣ ಬಳಿಸಿದರೂ ಮಳೆಗಾಲ ಕಳೆಯುವಷ್ಟರಲ್ಲಿ ಅಂಕಿಗಳು ಮತ್ತೆ ಮೂಡುತ್ತಿದ್ದವು. ಹದಿನೇಳು ಮಾತ್ರ ಎಲ್ಲಕ್ಕಿಂತ ಮೊದಲು. ಶಿಶುಗೃಹ ಮುಚ್ಚಿದ ಮೇಲೆ ಉಳಿದದ್ದು ಮುನ್ನೂರ ನಲವತ್ತು ಕಾರ್ಡುಗಳು, ಕಾರ್ಡಿಗೊಂದು ಕೂಸಿನ ಚಿತ್ರ. ಸ್ಕ್ಯಾನ್ ಮಾಡಿದವರು ಬೇರೆ, ಫಾರ್ಮು ಕಟ್ಟಿದವರು ಅಳತೆಯಮ್ಮನವರು. ಅವರು ಈ ಸಲ ಪೆಟ್ಟಿಗೆಗೆ ಸೆಂಟರ್ ಎಂಬ ಕ್ರಮವನ್ನು ಕೊಟ್ಟರು. ಚಿತ್ರವನ್ನು ಹಿಗ್ಗಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ. ಅದರ ನಟ್ಟನಡುವಿನ ಭಾಗ ಇದ್ದ ಹಾಗೇ ಪೆಟ್ಟಿಗೆಯಲ್ಲಿ ಕಾಣುತ್ತದೆ, ಪೆಟ್ಟಿಗೆಗೆ ಮೀರಿದ್ದು ಅಂಚಿನಾಚೆ ಮರೆಯಾಗುತ್ತದೆ. ಕೂಸು ಪ್ರತಿಯೊಂದು ಚಿತ್ರದ ನಡುವಿನಲ್ಲೇ ಇದ್ದುದರಿಂದ ಮುನ್ನೂರ ನಲವತ್ತು ಮುಖಗಳೂ ಅಚ್ಚುಕಟ್ಟಾಗಿ ಬಂದವು. ಯಾವುದೂ ಎಳೆದದ್ದಿರಲಿಲ್ಲ. ಅವರಿಗೆ ಸಮಾಧಾನವಾಯಿತು. ಅಂಚಿನಾಚೆ ಮರೆಯಾದದ್ದು ಏನೆಂದು ಕೇಳಿಕೊಳ್ಳುವುದು ಮರೆತೇಹೋಯಿತು. ಮುಖ ಎಳೆಯಬಾರದೆಂಬ ವ್ರತ ಹಿಡಿದವರಿಗೆ ಕತ್ತರಿಸುವುದೂ ಒಂದು ಸುಳ್ಳೆಂದು ತೋರದೆಹೋಯಿತು.

ಆ ಗೃಹದಲ್ಲಿ ಬೆಳೆದವರು ಬಂದು ತಮ್ಮ ಕಾರ್ಡನ್ನು ಹತ್ತು ನಿಮಿಷ ನೋಡಿಹೋಗಬಹುದೆಂಬ ನಿಯಮವಿದೆ. ಹಾಗೆ ವರ್ಷಕ್ಕೊಮ್ಮೆ, ತಪ್ಪದೆ, ಬರುತ್ತಿದ್ದವರು ಅರವತ್ತರ ಆಸುಪಾಸಿನ ಒಬ್ಬ ಹೊಲಿಗೆಯಾಕೆ. ನಾವು ಅವರನ್ನು ಟೈಲರಮ್ಮ ಎನ್ನುತ್ತಿದ್ದೆವು. ಮೂರು ವರ್ಷದವರೆಗೆ ಇಲ್ಲಿ, ಆಮೇಲೆ ಬೇರೆ ಊರಿನ ಹೆಣ್ಣುಮಕ್ಕಳ ಗೃಹದಲ್ಲಿ ಬೆಳೆದವರು. ಬಂದವರು ಕುರ್ಚಿಯ ತುದಿಯಲ್ಲಿ ಕೂತು, ಕನ್ನಡಕ ಒರೆಸಿ, ಪರದೆಯ ಮೂಲೆಯಲ್ಲಿದ್ದ ತಮ್ಮ ಎಂಟು ತಿಂಗಳ ಮುಖವನ್ನು ನೋಡುವರು. ಬೇರೆ ಕೂಸುಗಳೆಲ್ಲ ಎದುರಿಗೆ, ಕ್ಯಾಮೆರಾದ ಕಡೆಗೆ, ಕಣ್ಣರಳಿಸಿ ನೋಡುತ್ತಿದ್ದರೆ ಈ ಕೂಸು ಮಾತ್ರ ಗದ್ದವೆತ್ತಿ ಪೆಟ್ಟಿಗೆಯ ಮೇಲಂಚಿನ ಕಡೆ ನೋಡುತ್ತಿತ್ತು. ಕರಿಗುಡ್ಡೆ ಅರ್ಧ ಮೇಲಕ್ಕೆ ಹೋಗಿ ಬಿಳಿಯೇ ಹೆಚ್ಚು ಕಾಣುತ್ತಿತ್ತು.

“ನಾನೇನು ನೋಡ್ತಿದ್ದೀನಿ ಮೇಡಂ ಅಲ್ಲಿ?” ಎಂದು ಅವರು ಪ್ರತಿವರ್ಷವೂ ಕೇಳುವರು.

“ಹಲ್ಲಿ ಇತ್ತೇನೋ ಗೋಡೆ ಮೇಲೆ” ಎಂದು ಅಳತೆಯಮ್ಮನವರು ನಗಿಸಿ ಕಳಿಸುವರು. ಹತ್ತು ವರ್ಷ ಹತ್ತು ಹಲ್ಲಿಗಳನ್ನು ಹೇಳಿದರು. ಆದರೂ ಟೈಲರಮ್ಮ ಎದ್ದುಹೋದ ಮೇಲೆ ಅವರು ಒಂದು ಗಳಿಗೆ ಆ ಪೆಟ್ಟಿಗೆಯ ಮೇಲಿನ ಬರಿಯ ಬೂದುಬಣ್ಣವನ್ನು ನೋಡುತ್ತ ಕೂರುತ್ತಿದ್ದುದನ್ನು ಈ ಬರಹಗಾರ ಕಂಡಿದ್ದಾನೆ.

ಹೋದ ವರ್ಷದ ಹಿಂದಿನ ವರ್ಷ ಕಚೇರಿಗೆ ಹೊಸ ಸ್ಕ್ಯಾನರ್ ಬಂದಿತು. ಹಳೆಯದಕ್ಕಿಂತ ಮೂರು ಪಟ್ಟು ದೊಡ್ಡ ಚಿತ್ರ ತೆಗೆಯುವಂಥದು. ಮಾಸಿದ ಕಾರ್ಡುಗಳನ್ನು ಬೇರೆ ವಿಭಾಗದವರು ಮತ್ತೆ ಸ್ಕ್ಯಾನ್ ಮಾಡಿ ಕಳಿಸಿದ ಮೊದಲ ದಿನವೇ ನಮೂದು ವಿಭಾಗದ ಗುಮಾಸ್ತೆ ಕೂಗಿಕೊಂಡಳು:

“ಅಕ್ಕಾ, ಕೂಸು ಬರ್ತಿಲ್ಲ. ಬರೀ ಮೂಗು ಬರ್ತಿದೆ!”

ಚಿತ್ರ ದೊಡ್ಡದಾಗಿತ್ತು, ಪೆಟ್ಟಿಗೆ ಇದ್ದಷ್ಟೇ ಇತ್ತು. ನಡುವಿನ ಭಾಗವೆಂದರೆ ಮೂಗಿನ ತುದಿ. ಇದಕ್ಕೆ ಪರಿಹಾರ ಜೂಮ್ ಎಂಬ ಕ್ರಮ: ಚಿತ್ರ ಎಷ್ಟೇ ದೊಡ್ಡದಿರಲಿ, ಅನುಪಾತ ಕೆಡದಂತೆ, ಒಂದೆಳೆಯೂ ಕತ್ತರಿಸದಂತೆ, ಇಡಿಯಾಗಿ ಪೆಟ್ಟಿಗೆಯೊಳಗೆ ಕುಗ್ಗಿ ಕೂರುತ್ತದೆ. ಅಳತೆಯಮ್ಮನವರು ಪೆಟ್ಟಿಗೆಯನ್ನೂ ಒಂದಿಷ್ಟು ಹಿಗ್ಗಿಸಿ, ಎಲ್ಲ ಫಾರ್ಮುಗಳಿಗೂ ತಾಯಿಯಂತಿದ್ದ ಮೂಲ ಫಾರ್ಮಿನಲ್ಲೇ ಆ ಒಂದು ಪದವನ್ನು ಬದಲಿಸಿದರು. ಬೆಳಗಿನ ಹನ್ನೊಂದು ಗಂಟೆ. ಹಜಾರದ ತುಂಬ ಬಿಸಿಲು. ಆರು ಪರದೆಗಳಲ್ಲಿ ಆರು ಕಾರ್ಡುಗಳು ತೆರೆದಿದ್ದವು.

ಮೊದಲು ಮಾತು ನಿಂತದ್ದು ಕಿಟಕಿಯ ಬಳಿಯ ಮೇಜಿನಲ್ಲಿ. ಆಮೇಲೆ ಪಕ್ಕದ್ದರಲ್ಲಿ. ಅಳತೆಯಮ್ಮನವರು ತಲೆಯೆತ್ತಿದಾಗ ಆರು ಜನರೂ ತಂತಮ್ಮ ಪರದೆಯಿಂದ ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿಕೊಂಡಿದ್ದರು. ಕೂಸುಗಳು ಬರೀ ಕೂಸುಗಳಾಗಿರಲಿಲ್ಲ. ಪ್ರತಿಯೊಂದು ಕೂಸಿನ ಹಿಂದೆಯೂ ಒಂದು ಎತ್ತರದ ಕುರ್ಚಿ, ಕುರ್ಚಿಯಲ್ಲಿ ಒಬ್ಬರು, ಅವರ ನೆತ್ತಿಯಿಂದ ಎದೆಯವರೆಗೂ ಇಳಿಬಿಟ್ಟ ಬಿಳಿಯ ಬಟ್ಟೆ. ಕಣ್ಣಿಲ್ಲ, ಬಾಯಿಲ್ಲ, ಮೂಗಿರಬೇಕಾದ ಕಡೆ ಬಟ್ಟೆ ತುಸು ಉಬ್ಬಿತ್ತು. ಕೆಳಗಿನಿಂದ ಎರಡು ಕೈಗಳು ಹೊರಬಂದು ಕೂಸಿನ ಪಕ್ಕೆಗಳನ್ನು ಹಿಡಿದಿದ್ದವು. ಗುಮಾಸ್ತೆ ಬಾಣದ ಕೀಲಿಯನ್ನು ಒತ್ತಿ ಮುಂದಿನ ಕಾರ್ಡಿಗೆ ಹೋದಳು. ಅಲ್ಲೂ ಇದ್ದರು. ಅದರ ಮುಂದಿನದರಲ್ಲೂ.

“ಅಕ್ಕಾ,” ಎಂದಳು ಅವಳು, ದನಿ ಎತ್ತದೆ, “ಇಷ್ಟು ವರ್ಷ ಇವರೆಲ್ಲ ಇಲ್ಲೇ ಇದ್ರಾ?”

ಇದ್ದರು. ಹನ್ನೆರಡು ವರ್ಷ, ದಿನಕ್ಕೆ ಎಂಟು ಗಂಟೆ, ಪೆಟ್ಟಿಗೆಯ ಅಂಚಿನಾಚೆ.

ಮುಖ್ಯಸ್ಥರು ಬಂದು ನೋಡಿದರು, ಬೆವರೊರೆಸಿಕೊಂಡರು, ಹಿಂದಿನಂತೆಯೇ ಮಾಡಿಬಿಡಿ ಎಂದರು. “ಕೂಸು ಬಿಟ್ಟುಹೋಗೋಕೆ ಬಂದವರು ಮುಖ ಮುಚ್ಚಿಕೊಂಡಿದ್ದಾರೆ. ಯಾಕೆ ಮುಚ್ಚಿಕೊಂಡ್ರು? ಯಾರೂ ನೋಡಬಾರದು ಅಂತ. ನಾವ್ಯಾಕೆ ತೋರಿಸಬೇಕು?” ಶಿಶುಗೃಹದ ಹಳೆಯ ನಿಯಮಪುಸ್ತಕದಲ್ಲಿ ‘ತಂದವರ ಮಡಿಲಿನಲ್ಲಿಯೇ ಕೂಸಿನ ಚಿತ್ರ ತೆಗೆಯತಕ್ಕದ್ದು’ ಎಂಬ ಸಾಲಿದ್ದುದನ್ನು ಅವರಿಗೆ ಓದಿಹೇಳಿದವನು ಈ ಬರಹಗಾರನೇ, ಆ ತಪ್ಪಿನ ಪಾಲು ಅವನಿಗೂ ಸಲ್ಲಬೇಕು. ಅಳತೆಯಮ್ಮನವರು ಮಧ್ಯಮಾರ್ಗ ಹಿಡಿದರು. ಪೆಟ್ಟಿಗೆಯಲ್ಲಿ ಮೊದಲು ಕಾಣುವುದು ಕೂಸಿನ ಮುಖ ಮಾತ್ರ. ಆ ಕೂಸೇ ದೊಡ್ಡದಾಗಿ ಎದುರಿಗೆ ಕೂತು ಕೇಳಿದರೆ, ಡಬಲ್ ಕ್ಲಿಕ್ ಮಾಡಿದಾಗ, ಇಡೀ ಚಿತ್ರ ಬೇರೊಂದು ದೊಡ್ಡ ಫಾರ್ಮಿನಲ್ಲಿ ತೆರೆಯುತ್ತದೆ.

ಆ ವರ್ಷ ಟೈಲರಮ್ಮ ಬಂದಾಗ ಅಳತೆಯಮ್ಮನವರು ಹಲ್ಲಿಯ ಮಾತೆತ್ತಲಿಲ್ಲ. ಅವರ ಕೈಹಿಡಿದು ಕೂರಿಸಿ, ಎರಡು ಸಲ ಕ್ಲಿಕ್ ಮಾಡಿ, ಸಂತೋಷದಿಂದ ಹೇಳಿದರು: “ನೋಡಿ, ನಿಮ್ಮ ತಾಯಿ.”

ಕೂಸು ಮುಸುಕಿನ ಕೆಳಗಿನಿಂದ ಮೇಲಕ್ಕೆ ನೋಡುತ್ತಿತ್ತು. ಟೈಲರಮ್ಮ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಪರದೆಗೆ ಮೂಗು ತಾಗುವಷ್ಟು ಬಾಗಿ ಕೈಗಳನ್ನೇ ನೋಡಿದರು. ಕಣ್ಣಿಂದ ನೀರಿಳಿಯಿತು. ಆಮೇಲೆ ಒಂದೇ ಒಂದು ಬೇಡಿಕೆ ಇಟ್ಟರು: “ಆ ಕೈ ನಿಜವಾಗಿ ಎಷ್ಟಿತ್ತೋ ಅಷ್ಟೇ ಕಾಣೋ ಹಾಗೆ ಮಾಡ್ತೀರಾ ಮೇಡಂ? ದೊಡ್ಡದೂ ಬೇಡ, ಚಿಕ್ಕದೂ ಬೇಡ.”

ಚಿತ್ರದಲ್ಲಿರುವುದನ್ನು ನಿಜದ ಅಳತೆಗೆ ತರಬೇಕಾದರೆ ಅದರಲ್ಲಿನ ಯಾವುದಾದರೊಂದು ವಸ್ತುವಿನ ನಿಜದ ಅಳತೆ ತಿಳಿದಿರಬೇಕು. ಅಳತೆಯಮ್ಮನವರಿಗೆ ಮೆಟ್ಟಿಲ ಕೆಳಗಿನ ಉಗ್ರಾಣದ ನೆನಪಾಯಿತು. ಮುರಿದ ತೊಟ್ಟಿಲುಗಳ ಹಿಂದೆ, ಗೋಡೆಗೆ ಮುಖಮಾಡಿ, ಆ ಎತ್ತರದ ಕುರ್ಚಿ ಇನ್ನೂ ಇತ್ತು. ಅದರ ಮೇಲೆ ಯಾರೂ ಎಂದೂ ಏನನ್ನೂ ಇಟ್ಟಿರಲಿಲ್ಲ. ಉಗ್ರಾಣದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಸಾಮಾನಿದ್ದರೂ ಅದೊಂದು ಮಾತ್ರ ಖಾಲಿ. ಅವರು ಅದರ ಕೈಯಾಸರೆಯ ಅಗಲವನ್ನು ಉಕ್ಕಿನ ಪಟ್ಟಿಯಲ್ಲಿ ಅಳೆದರು, ಪರದೆಯ ಮೇಲಿನ ಅದೇ ಕೈಯಾಸರೆಯನ್ನು ಅಳೆದರು, ಎರಡೂ ಕೂದಲೆಳೆಯಷ್ಟೂ ಬೇರೆಯಾಗದಂತೆ ಚಿತ್ರದ ಗಾತ್ರವನ್ನು ನಿಲ್ಲಿಸಿದರು. ಟೈಲರಮ್ಮ ತಮ್ಮ ಅಂಗೈಯನ್ನು ಗಾಜಿನ ಮೇಲೆ, ಆ ಕೈಯ ಮೇಲೆ ಇಟ್ಟರು. ಹತ್ತು ನಿಮಿಷದ ನಿಯಮವನ್ನು ಅಂದು ಯಾರೂ ನೆನಪಿಸಲಿಲ್ಲ.

ಅಳತೆಯಮ್ಮನವರ ಬಾಳಿನ ಅತ್ಯಂತ ಧನ್ಯ ದಿನ ಅದಾಗಿ ಉಳಿಯಬಹುದಿತ್ತು. ಆದರೆ ಮೂರು ವಾರದ ಮೇಲೆ ಒಬ್ಬ ಲಾರಿ ಚಾಲಕ ಬಂದ. ಟೈಲರಮ್ಮನಿಗಿಂತ ಒಂಬತ್ತು ವರ್ಷ ಚಿಕ್ಕವನು, ಅದೇ ಗೃಹದ ಕೂಸು. ಅವನೂ ಕೇಳಿದ, ಅವನಿಗೂ ಮಾಡಿಕೊಟ್ಟರು. ಅಳತೆಯಮ್ಮನವರು ಪಟ್ಟಿಯನ್ನು ಗಾಜಿನ ಮೇಲಿಟ್ಟು, ಎತ್ತಿ, ಮತ್ತೊಮ್ಮೆ ಇಟ್ಟರು. ಮಧ್ಯದ ಬೆರಳಿನ ಉದ್ದ, ಅಂಗೈಯ ಅಗಲ, ಎರಡೂ ಟೈಲರಮ್ಮನನ್ನು ಹಿಡಿದಿದ್ದ ಕೈಯವೇ. ಎಡಗೈಯ ಕಿರುಬೆರಳು ನಡುಗೆಣ್ಣಿನಲ್ಲಿ ಹೊರಕ್ಕೆ ತಿರುಗಿತ್ತು. ಟೈಲರಮ್ಮನ ಚಿತ್ರದಲ್ಲೂ ಹಾಗೇ ತಿರುಗಿತ್ತು.

ಚಾಲಕ ಹೋದ ಮೇಲೆ ಅವರು ಒಂದನೇ ಕಾರ್ಡಿನಿಂದ ಮೊದಲು ಮಾಡಿದರು. ಹದಿನೆಂಟು ದಿನ, ದಿನವೂ ಊಟದ ಬಿಡುವಿನಲ್ಲಿ, ಮುನ್ನೂರ ನಲವತ್ತು ಜೊತೆ ಕೈಗಳನ್ನೂ ಆ ಕೈಗೆ ಹೋಲಿಸಿ ನೋಡಿದರು. ಇನ್ನೂರ ಹನ್ನೆರಡರಲ್ಲಿ ಅದೇ ಕೈ. ಅನುಕ್ರಮವಾಗಿ ನೋಡುತ್ತ ಹೋದರೆ ಕೂಸುಗಳು ಎಂದೆಂದಿಗೂ ಕೂಸುಗಳೇ. ಹಿಂದಿನ ಕೈಗೆ ಮಾತ್ರ ವಯಸ್ಸಾಗುತ್ತಿತ್ತು. ಮೊದಲ ಕಾರ್ಡುಗಳಲ್ಲಿ ಹುಡುಗಿಯ ನುಣುಪು ಕೈ, ನೂರರ ಹೊತ್ತಿಗೆ ಗೆಣ್ಣುಗಳು ದಪ್ಪಗಾಗಿದ್ದವು, ಇನ್ನೂರು ದಾಟುವಾಗ ಚರ್ಮ ನೀರಿನಲ್ಲಿ ನೆನೆದು ಸುಕ್ಕಿದ ಹಾಗಿತ್ತು. ಇಪ್ಪತ್ತೆರಡು ವರ್ಷ, ಒಂದೇ ಕುರ್ಚಿಯಲ್ಲಿ, ಒಂದೇ ಮುಸುಕಿನ ಕೆಳಗೆ, ಯಾರೋ ಒಬ್ಬರು ಕಾಯುತ್ತ ಮುದಿಯಾಗುತ್ತಿದ್ದಂತೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಈ ಬರಹಗಾರ ಇಷ್ಟದೇವರ ನಾಮವನ್ನು ಮನಸ್ಸಿನಲ್ಲೇ ನೆನೆದನೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಗುಟ್ಟು ಬಿಚ್ಚಿದ್ದು ಒಂದು ಕೆಲಸಹಂಚಿಕೆಯ ಪುಸ್ತಕದಲ್ಲಿ. ವಾರಕ್ಕೊಮ್ಮೆ, ಚಿತ್ರ ತೆಗೆಯುವ ದಿನದೆದುರು, ಮಸಿ ಹರಡಿದ ಎರಡು ಪದಗಳಿದ್ದವು. ಅವನ್ನು ಓದಲು ಎರಡು ದಿನ ಹಿಡಿಯಿತು: ‘ಕುರ್ಚಿಗೆ ಲಾಂಡ್ರಿ.’ ಕೂಸನ್ನು ತಂದವರು ಚಿತ್ರಕ್ಕೆ ನಿಲ್ಲದೆ ಹೋಗಿಬಿಟ್ಟಾಗ, ಹೆಚ್ಚಿನವರು ಹೋಗಿಯೇಬಿಡುತ್ತಿದ್ದರು, ಆ ಜಾಗಕ್ಕೆ ಬಟ್ಟೆ ಒಗೆಯುವಾಕೆಯನ್ನು ಕರೆದು ಕೂರಿಸುತ್ತಿದ್ದರು. ಹಾಗಾದರೆ ಟೈಲರಮ್ಮ ಅಂಗೈಯಿಟ್ಟು ಅತ್ತದ್ದು ತಾಯಿಯ ಕೈಯ ಮೇಲಲ್ಲ. ಆ ಸುಳ್ಳನ್ನು ಅವರಿಗೆ ಕೊಟ್ಟವರು ಯಾರು? ಮೂವತ್ತು ವರ್ಷ ಸುಳ್ಳಿಗೆ ಹೆದರಿ ಬಾಳಿದ ಅಳತೆಯಮ್ಮನವರು.

“ಸುಮ್ಮನಿದ್ದುಬಿಡಿ” ಎಂದರು ಮುಖ್ಯಸ್ಥರು. “ಇನ್ನೊಂದು ವರ್ಷಕ್ಕೆ ನಿಮ್ಮ ನಿವೃತ್ತಿ. ಅರವತ್ತು ವರ್ಷಕ್ಕೆ ಒಬ್ಬ ಅಮ್ಮ ಸಿಕ್ಕಿದ್ದಾಳೆ ಆಕೆಗೆ. ಕಿತ್ಕೋಬೇಕಾ?”

ಮನೆಯಲ್ಲಿ ಯಜಮಾನರೂ ಬಿಚ್ಚಿದ ಗಡಿಯಾರದಿಂದ ಕಣ್ಣೆತ್ತದೆ ಹೆಚ್ಚುಕಡಿಮೆ ಅದನ್ನೇ ಹೇಳಿದರಂತೆ: “ಹತ್ತು ನಿಮಿಷ ತಪ್ಪು ತೋರಿಸೋ ಗಡಿಯಾರಕ್ಕೆ ಮನೆಯವರೆಲ್ಲ ಹೊಂದ್ಕೊಂಡಿರ್ತಾರೆ ಕಣೆ. ನಾನು ಸರಿ ಮಾಡಿ ಕೊಟ್ರೆ ಮಾರನೇ ದಿನ ಎಲ್ಲರಿಗೂ ಬಸ್ ತಪ್ಪುತ್ತೆ.”

“ಮತ್ತೆ ಯಾಕೆ ಸರಿ ಮಾಡ್ತೀರಿ?”

“ಅದೇ ನನಗೆ ಬರೋ ಕೆಲಸ” ಎಂದರಂತೆ ಅವರು, ತುಸು ಯೋಚಿಸಿ.

ಅಳತೆಯಮ್ಮನವರು ಮೊದಲು ಹುಡುಕಿದ್ದು ಆ ಕೈಯನ್ನು. ಅದು ಕಚೇರಿಗೆ ಎರಡೇ ಬೀದಿಯಾಚೆ, ಒಂದು ಬೇಕರಿಯ ಮೇಲಿನ ಕೋಣೆಯಲ್ಲಿತ್ತು. ಲಾಂಡ್ರಿ ಅಜ್ಜಿಗೆ ಎಂಬತ್ತಾರು. ಕೋಣೆಯ ಗೋಡೆಯ ಮೇಲೆ ಒಂದು ಚಿತ್ರವೂ ಇರಲಿಲ್ಲ, ಕನ್ನಡಿಯೂ ಇರಲಿಲ್ಲ. ಹಾಸಿಗೆಯ ಮೇಲಿನ ಬಿಳಿಯ ಬಟ್ಟೆ ಮಾತ್ರ ಮಡಿಕೆ ಮುರಿಯದಂತಿತ್ತು.

“ಹೌದು, ಕೂರ್ತಿದ್ದೆ” ಎಂದರು ಅಜ್ಜಿ. “ಒದ್ದೆ ಕೈ ಒರೆಸ್ಕೊಂಡು ಓಡಬೇಕಿತ್ತು. ‘ಮುಖ ಕಂಡ್ರೆ ದೊಡ್ಡವರಾದ ಮೇಲೆ ಹುಡುಕ್ಕೊಂಡು ಬರ್ತಾವೆ, ಮುಚ್ಕೋ’ ಅಂತಿದ್ರು ಗೃಹ ನೋಡ್ಕೋತಿದ್ದ ದೊಡ್ಡಮ್ಮನವರು. ನಾನೇ ಒಗೆದ ಬಟ್ಟೆ, ನನ್ನ ತಲೆ ಮೇಲೆ. ಒಳಗೆ ಸೋಪಿನ ವಾಸನೆ. ಏನೂ ಕಾಣ್ತಿರ್ಲಿಲ್ಲ.”

“ಕೂಸುಗಳು ನೆನಪಿದ್ದಾವಾ ಅಜ್ಜಿ?”

“ಮುಖ ನೋಡಿದ್ರೆ ತಾನೇ ನೆನಪಿರೋಕೆ? ಭಾರ ನೆನಪಿದೆ.” ಅವರು ಎರಡೂ ಕೈಗಳನ್ನು ಮಡಿಲ ಮೇಲೆತ್ತಿ, ಇಲ್ಲದ ಕೂಸನ್ನು ಹಿಡಿದು, ತೂಗಿದಂತೆ ಮಾಡಿದರು. ಕೈಗಳು ನಿಜವಾಗಿಯೂ ಭಾರಕ್ಕೆಂಬಂತೆ ಕೆಳಗಿಳಿದವು. ಅಳತೆಯಮ್ಮನವರು ಆ ಕ್ಷಣವನ್ನು ಹೇಳುವಾಗ ಇಂದಿಗೂ ತೋಳಿನ ರೋಮವನ್ನು ಸವರಿಕೊಳ್ಳುತ್ತಾರೆ.

ಟೈಲರಮ್ಮನ ಅಂಗಡಿಗೆ ಅವರು ತಾವೇ ಹೋದರು. ಅರ್ಧ ಹೊಲಿದ ಅಂಗಿಗಳು ತೂಗುತ್ತಿದ್ದ ಇಕ್ಕಟ್ಟಾದ ಕೋಣೆ. ಯಂತ್ರದ ಎದುರು ನಿಂತು, ಕಲಿತ ಮಾತುಗಳೆಲ್ಲ ಮರೆತುಹೋಗಿ, ಒಂದೇ ಉಸಿರಿಗೆ ಹೇಳಿದರು: “ತಪ್ಪು ಮಾಡಿದೆ. ಅದು ನಿಮ್ಮ ತಾಯಿ ಅಲ್ಲ. ಅಲ್ಲಿ ಬಟ್ಟೆ ಒಗೀತಿದ್ದವರು. ನಿಮ್ಮ ತಾಯಿ ಅಂದಿದ್ದು ನಾನು. ಗೊತ್ತಿಲ್ಲದೇ ಅಂದೆ.”

ಟೈಲರಮ್ಮ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು. ಎದ್ದು ಮಣೆ ಹಾಕಿ ಕೂರಿಸಿದರು.

“ನನಗೆ ಅವತ್ತೇ ಗೊತ್ತಾಯ್ತು ಮೇಡಂ.”

“ಏನು?”

“ತೋಳಿನ ಪಟ್ಟಿ ನೋಡಿದೆ. ಎರಡು ಸಾಲು ಹೊಲಿಗೆ, ಗುಂಡಿ ಕಾಜಾ ಒಳಗಡೆಗೆ. ಅದು ಗೃಹದ ಕೆಲಸದವರ ಅಂಗಿ. ಎಲ್ಲಾ ಗೃಹಕ್ಕೂ ನಮ್ಮಲ್ಲೇ ಹೊಲೀತಿದ್ವಿ. ಹನ್ನೆರಡನೇ ವಯಸ್ಸಿಂದ ಸಾವಿರ ಪಟ್ಟಿ ಹೊಲಿದಿದ್ದೀನಿ, ಬೆರಳು ತೂತು ಮಾಡ್ಕೊಂಡಿದ್ದೀನಿ. ಹೊಲಿಗೆಯವಳಿಗೆ ಹೊಲಿಗೆ ಗೊತ್ತಾಗಲ್ವಾ?”

ಕೈಯ ಅಳತೆಯನ್ನು ಕೂದಲೆಳೆಯವರೆಗೆ ನೋಡಿದವರು ತೋಳಿನ ಹೊಲಿಗೆಯನ್ನು ನೋಡಿರಲಿಲ್ಲ. ಅಳತೆಯಮ್ಮನವರು ಕೇಳಿದರು: “ಮತ್ತೆ ಯಾಕೆ ಹೇಳ್ಲಿಲ್ಲ? ಯಾಕೆ ಅತ್ರಿ?”

“ನೀವು ಅಷ್ಟು ಖುಷಿಯಾಗಿ ‘ನಿಮ್ಮ ತಾಯಿ’ ಅಂದ್ರಿ. ಇಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ.” ಅವರು ಮಡಿಲಲ್ಲಿದ್ದ ಬಟ್ಟೆಯ ದಾರವನ್ನು ಹಲ್ಲಿನಿಂದ ಕಡಿದರು. “ಅತ್ತಿದ್ದು ಅದಕ್ಕಲ್ಲ. ಯಾರೋ ಹಿಡ್ಕೊಂಡಿದ್ರಲ್ಲ, ಅದಕ್ಕೆ. ಇಷ್ಟು ವರ್ಷ ಆ ಪೆಟ್ಟಿಗೇಲಿ ನಾನು ಗಾಳೀಲಿ ಕೂತಿದ್ದೀನಿ ಅಂದ್ಕೊಂಡಿದ್ದೆ.”

ಲಾರಿ ಚಾಲಕನಿಗೂ ಹೇಳಿದರು. ಅವನು ಗಟ್ಟಿಯಾಗಿ ನಕ್ಕ. “ಹಾಗಾದ್ರೆ ನಂಗೆ ಇನ್ನೂರ ಹನ್ನೊಂದು ಜನ ಅಕ್ಕತಂಗೀರು, ಅಣ್ತಮ್ಮಂದಿರು ಅನ್ನಿ! ಒಂದು ಲಾರಿ ಸಾಲಲ್ಲ.” ನಕ್ಕವನು ಆಮೇಲೆ ಲಾರಿಯ ಬಾಗಿಲು ಹಿಡಿದು ಬಹಳ ಹೊತ್ತು ನಿಂತಿದ್ದ.

ಮುಂದಿನ ವಾರ ಬೆಳಗ್ಗೆ ಹತ್ತಕ್ಕೆ ಟೈಲರಮ್ಮ ಅಜ್ಜಿಯನ್ನು ತೋಳು ಹಿಡಿದು ಕಚೇರಿಯ ಮೆಟ್ಟಿಲು ಹತ್ತಿಸಿದರು. ಅಳತೆಯಮ್ಮನವರು ಚಿತ್ರವನ್ನು ನಿಜದ ಅಳತೆಗೆ ತಂದಿಟ್ಟಿದ್ದರು. ಅಜ್ಜಿ ತಮ್ಮ ಎಡಗೈಯನ್ನು ಪರದೆಯ ಕೈಯ ಪಕ್ಕಕ್ಕೆ ಹಿಡಿದರು. ಕಿರುಬೆರಳಿನ ಸೊಟ್ಟ ಅದೇ. ಕೈ ಮಾತ್ರ ಕುಗ್ಗಿ, ಗಾಜಿನೊಳಗಿನ ಇಪ್ಪತ್ತೈದರ ಕೈಯೇ ಹೆಚ್ಚು ಜೀವವಿರುವಂತೆ ಕಾಣುತ್ತಿತ್ತು. ಆಮೇಲೆ ಅವರ ಕಣ್ಣು ಮೇಲಕ್ಕೆ, ಬಿಳಿಯ ಮುಸುಕಿಗೆ ಹೋಯಿತು. ಅಲ್ಲಿಂದ ಕೂಸಿನ ಎತ್ತಿದ ಗದ್ದಕ್ಕೆ. ಹಜಾರದಲ್ಲಿದ್ದ ಎಲ್ಲರಿಗೂ ಅದು ಒಮ್ಮೆಗೇ ಅರ್ಥವಾಯಿತು. ಮಿಕ್ಕ ಕೂಸುಗಳೆಲ್ಲ ಕ್ಯಾಮೆರಾ ನೋಡುತ್ತಿದ್ದಾಗ ಈ ಒಂದು ಕೂಸು ಮುಸುಕಿನ ಕೆಳಗಿನಿಂದ ಒಳಕ್ಕೆ ನೋಡುತ್ತಿತ್ತು. ಟೈಲರಮ್ಮನ ಹತ್ತು ವರ್ಷದ ಪ್ರಶ್ನೆಗೆ ಉತ್ತರ ಅಲ್ಲಿಯೇ ಇತ್ತು.

“ನನ್ನ ಫೋಟೋ ಯಾರೂ ತೆಗೀಲಿಲ್ಲ ಕಣೆ” ಎಂದರು ಅಜ್ಜಿ, ಪರದೆಯಿಂದ ಕಣ್ಣು ಕೀಳದೆ. “ಇನ್ನೂರು ಸಲ ತೆಗೆದ್ರು, ಒಂದ್ರಲ್ಲೂ ನಾನಿಲ್ಲ. ಆಗ ಹೇಗಿದ್ದೆ ಅಂತ ನನಗೇ ಮರೆತುಹೋಗಿದೆ. ಒಳಗೆ ನೋಡಿದ್ದು ನೀನೊಬ್ಬಳೇ. ಹೇಳು, ನನ್ನ ಮುಖ ಹೇಗಿತ್ತು?”

ಅಳತೆಯಮ್ಮನವರು ಟೈಲರಮ್ಮನನ್ನು ನೋಡಿದರು. ಒಂದು ಸವಿಯಾದ ಸುಳ್ಳು ಎಷ್ಟು ಹತ್ತಿರದಲ್ಲಿತ್ತು! ಅದನ್ನು ಹೇಳಲು ಬಲ್ಲವರೂ ಆಕೆ, ಒಮ್ಮೆ ಮೌನದಿಂದಲೇ ಹೇಳಿದ್ದವರೂ ಆಕೆ.

“ನೆನಪಿಲ್ಲ ಅಜ್ಜಿ” ಎಂದರು ಟೈಲರಮ್ಮ. ಬೆರಳಿನಿಂದ ಗಾಜಿನ ಮೇಲೆ ಕೂಸಿನ ತುಟಿಯನ್ನು ತೋರಿಸಿದರು. “ಆದ್ರೆ ನೋಡಿ, ನಾನು ಅಳ್ತಿಲ್ಲ.”

ಅಭಿನಂದನೆಯ ಈ ಬರಹದಲ್ಲಿ ಅಳತೆಯಮ್ಮನವರಿಗಿಂತ ಬೇರೆಯವರ ಮಾತೇ ಹೆಚ್ಚಾಯಿತೆಂದು ಓದುಗರಿಗೆ ತೋರಿದರೆ ಅದು ಅವರಿಗೆ ಸಂದ ಗೌರವವೇ ಸರಿ. ಒಳ್ಳೆಯ ಚೌಕಟ್ಟು ತನ್ನನ್ನು ತೋರಿಸಿಕೊಳ್ಳುವುದಿಲ್ಲ. ನಿವೃತ್ತಿಯ ಆದೇಶ ಕೈಸೇರಿದ ಮೇಲೂ ಅವರು ಬೆಳಗಿನ ಹೊತ್ತು ಕಚೇರಿಗೆ ಬರುತ್ತಿದ್ದಾರೆ. ಇನ್ನೂ ನೂರ ಇಪ್ಪತ್ತೆಂಟು ಜೊತೆ ಕೈಗಳು ಉಳಿದಿವೆ, ಒಂದೊಂದೂ ಒಂದೊಂದೇ ಸಲ ಆ ಕುರ್ಚಿಗೆ ಬಂದು ಮತ್ತೆಂದೂ ಬಾರದ ಕೈಗಳು. ಯಾರಾದರೂ ಬಂದು ಕೇಳುವ ದಿನಕ್ಕೆ ಅವೆಲ್ಲ ನಿಜದ ಅಳತೆಯಲ್ಲಿ ಸಿದ್ಧವಿರಬೇಕೆಂಬುದು ಅವರ ಹಂಬಲ. ಅಷ್ಟೂ ಕೈಗಳನ್ನು ಅಳೆದು ಮುಗಿಸುವಷ್ಟು ಆಯುಸ್ಸನ್ನು, ಮುಗಿದ ಮೇಲೂ ಯಜಮಾನರ ಗಡಿಯಾರಗಳ ನಡುವೆ ನೆಮ್ಮದಿಯಾಗಿ ಕೂತು ಗೋಡೆಯ ಫೋಟೋ ನೇರಮಾಡುವಷ್ಟು ಆರೋಗ್ಯವನ್ನು, ಬಿಂಬಗಳಿಗೆಲ್ಲ ಒಡೆಯನಾದ ಭಗವಂತನು ಅವರಿಗೆ ದಯಪಾಲಿಸಲಿ.

ಈ ಸಂಪುಟದ ಮೊದಲ ಪುಟದಲ್ಲಿ ಅವರ ಭಾವಚಿತ್ರವಿದೆ. ಅಚ್ಚಿನವರು ಪುಟಕ್ಕೆ ಹೊಂದಿಸಲು ಅದರ ಬಲಗಡೆಯನ್ನು ಕತ್ತರಿಸಬೇಕೆಂದಾಗ ಅವರು ಎಂದೂ ಎತ್ತದ ದನಿಯನ್ನೆತ್ತಿ ಬೇಡವೆಂದರು; ಆದ್ದರಿಂದ ಮೇಲೆ ಕೆಳಗೆ ಬಿಳಿಯ ಜಾಗ ಹೆಚ್ಚಾಗಿ ಉಳಿದಿದೆ, ಓದುಗರು ಮನ್ನಿಸಬೇಕು. ಎಡಗಡೆ ಅಳತೆಯಮ್ಮನವರು ನಿಂತಿದ್ದಾರೆ. ಬಲಗಡೆ, ಉಗ್ರಾಣದಿಂದ ತಂದ ಆ ಎತ್ತರದ ಕುರ್ಚಿಯಲ್ಲಿ, ಬರಿಯ ತಲೆಯಲ್ಲಿ, ಕ್ಯಾಮೆರಾದ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಎಂಬತ್ತಾರು ವರ್ಷದ ಮುಖವೊಂದು ಮೊದಲ ಸಲ ನಮ್ಮ ಕಡೆ ನೋಡುತ್ತಿದೆ.